ಗೋಡೆಯ ಹೊರಗೆ ಏನಿದೆ

ಮೊಮ್ಮಗಳ ಕೆಥೆಡ್ರಲ್ ಗುರುವಾರ ಎರಡನೇ ಸಲ ಕುಸಿಯಿತು. ಭಾನುವಾರ ಶಾಲೆಯಲ್ಲಿ ಎಲ್ಲರೆದುರು ಅದನ್ನು ನಿಲ್ಲಿಸಿ ತೋರಿಸಬೇಕಿತ್ತು. ಇಂಗ್ಲೆಂಡಿನ ನೂರಾರು ವರ್ಷ ಹಳೆಯ ಇಗರ್ಜಿಯ ಮಾದರಿ ಅದು. ರಟ್ಟಿನ ಗೋಡೆ, ಮೇಲೆ ಪ್ಲಾಸ್ಟರಿನ ಕಮಾನು. ಗಲ್ಫಿನಲ್ಲಿ, ರಿಗ್ಗೈಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಚೂರಾಗಿ ಬಿದ್ದಿತ್ತು. ಹುಡುಗಿ ಅಳುತ್ತಿದ್ದಳು.

ಮೀನಾ ಅಲ್ ಅಹ್ಮದಿ ಎಂಬಲ್ಲಿಯ ಎಣ್ಣೆ ರಿಫೈನರಿಯಲ್ಲಿ ಅಳಿಯ ಇಂಜಿನಿಯರ್. ಬರುವಾಗ ಇನ್ನೊಂದು ಡಬ್ಬಿ ಗಮ್ ತಂದ. ನನಗೆ ಗಮ್ಮಿನ ಮೇಲೆ ನಂಬಿಕೆ ಇಲ್ಲ. ಓದಿದ್ದು ಎರಡನೇ ಕ್ಲಾಸು, ಆದರೆ ಮಂಗಳೂರಿನಲ್ಲಿ ಇಪ್ಪತ್ತು ವರ್ಷ ಮೇಸ್ತ್ರಿಗಳಿಗೆ ಕೆಂಪುಕಲ್ಲು ಹೊತ್ತಿದ್ದೇನೆ. ಕಮಾನು ಗೋಡೆಯನ್ನು ಹೊರಕ್ಕೆ ಒದೆಯುತ್ತದೆ. ಎರಡು ಪಕ್ಕ ಗಟ್ಟಿಯಾಗದೆ ಕಮಾನಿನ ಅಡಿಗೆ ಆಸರೆ ಕೊಟ್ಟ ಮರ ತೆಗೆಯಲು ಮೇಸ್ತ್ರಿಗಳು ಬಿಡುತ್ತಿರಲಿಲ್ಲ.

ಫೋಟೋ ತೋರಿಸು ಎಂದೆ. ತೆಂಗಿನ ಮರಕ್ಕಿಂತ ಎತ್ತರದ ಕಂಬಗಳು, ಮೇಲೆ ಕಲ್ಲಿನ ಚಾವಣಿ. ನಡುವೆ ಗೋಡೆಯೇ ಇಲ್ಲ ಎನ್ನಬೇಕು, ಬರೀ ಬಣ್ಣದ ಗಾಜು.

“ಇದು ಸುಳ್ಳು ಫೋಟೋ.”

“ಅಜ್ಜೀ, ಇಟ್ಸ್ ರಿಯಲ್!”

“ಎಂತ ಅತ್ತೆ, ನಿಮಗೆ ಎಲ್ಲದರಲ್ಲೂ ಡೌಟು,” ಅಳಿಯ ನಕ್ಕ.

“ಯಾರು ಕಟ್ಟಿಸಿದ್ದು?”

ಪೋಪನ ಕಡೆಯವರು ಕಟ್ಟಿಸಿದ್ದಂತೆ. ಆಮೇಲೆ ಅಲ್ಲಿಯ ರಾಜ ಪೋಪನ ಹತ್ತಿರ ಜಗಳ ಮಾಡಿ ಅದನ್ನು ಪೋಪನನ್ನು ಒಪ್ಪದ ಆಂಗ್ಲಿಕನ್ ಇಗರ್ಜಿ ಮಾಡಿಕೊಂಡನಂತೆ.

“ಕಟ್ಟಿದವರು ಒಬ್ಬರು, ಬೋರ್ಡು ಇನ್ನೊಬ್ಬರದ್ದು. ಕಲ್ಲು ಹೊತ್ತವರ ಹೆಸರು ಉಂಟಾ?”

“ನೋ, ಅಜ್ಜೀ.”

“ನನಗೆ ಗೊತ್ತಿತ್ತು. ಹೊರಗಿನ ಫೋಟೋ ತೆಗಿ.”

ಹೊರಗಿನದನ್ನು ಅಪ್ಪ ಮಗಳು ನೋಡಿಯೇ ಇರಲಿಲ್ಲ. ಒಳಗಿನ ಚಂದ ನೋಡಿ ಕಟ್ಟಲು ಕೂತಿದ್ದರು. ಫೋನಿನಲ್ಲಿ ಹುಡುಕಿದಾಗ ಗುಟ್ಟು ಸಿಕ್ಕಿತು. ಒಂದೊಂದು ಕಂಬದ ನೇರಕ್ಕೂ ಗೋಡೆಯಾಚೆ ದಪ್ಪ ಕಲ್ಲಿನ ಆಸರೆ, ಅಲ್ಲಿಂದ ಅರ್ಧ ಕಮಾನು ಓರೆಯಾಗಿ ಬಂದು ಗೋಡೆಯನ್ನು ಒತ್ತಿ ಹಿಡಿದಿತ್ತು. ಕಲ್ಲಿನ ಚಾವಣಿಯ ಮೇಲೆ ಮಳೆಗೆಂದು ಬೇರೆ ಮರದ ಚಾವಣಿಯೂ ಇದೆ ಎಂದು ಅಳಿಯ ಓದಿ ಹೇಳಿದ. ಒಳಗಿನ ಫೋಟೋದಲ್ಲಿ ಅದರ ಸುಳಿವೂ ಇರಲಿಲ್ಲ.

ಇಲ್ಲಿ ಶುಕ್ರವಾರ, ಶನಿವಾರ ರಜೆ. ರಟ್ಟಿನ ಅಡಿಯಾಸರೆ ಕೊಟ್ಟು ಕಮಾನನ್ನು ಹೊಸದಾಗಿ ಎರೆದೆವು, ಹೊರಗೆ ಹನ್ನೆರಡು ಆಸರೆ ಕತ್ತರಿಸಿ ಅಂಟಿಸಿದೆವು. ಸಂಜೆಗೇ ಅಳಿಯ, “ಖಲಾಸ್, ಅಡಿಯದ್ದು ತೆಗೆಯುವ,” ಎಂದ. ನಾನು ಬಿಡಲಿಲ್ಲ. ಶನಿವಾರ ಸಂಜೆ ನಾನೇ ತೆಗೆದೆ. ನಿಂತಿತು.

ಭಾನುವಾರ ಮಧ್ಯಾಹ್ನ ಮೊಮ್ಮಗಳು ಪೆಟ್ಟಿಗೆ ಹಿಡಿದು ಬಂದಳು.

“ಆಸರೆ ಯಾರ ಐಡಿಯಾ ಅಂತ ಟೀಚರ್ ಕೇಳಿದ್ರು. ಐ ಸೆಡ್ ಡ್ಯಾಡಿ.”

“ನಿಂತಿತಾ?”

“ನಿಂತಿತು.”

ಬಾಯಿಮಾತು ನಂಬುವವಳಲ್ಲ ನಾನು. ಪೆಟ್ಟಿಗೆ ತೆರೆಸಿ ಹನ್ನೆರಡನ್ನೂ ಬೆರಳಿನಿಂದ ತಳ್ಳಿ ನೋಡಿದೆ. ಎಡಗಡೆಯ ಮೂರನೆಯದು ಅಲುಗುತ್ತಿತ್ತು. ಅದು ಅಳಿಯ ಅಂಟಿಸಿದ್ದು.