ಅಚ್ಚಿನಕ್ಕ ಮತ್ತು ಮಾತು ಬಿಟ್ಟ ಕ್ಷೌರಿಕ

ದಂತವೈದ್ಯರಿಗೆ ಹಲ್ಲಿನ ಸೆಟ್ಟು, ಪ್ಲೇಟು ಮಾಡಿಕೊಡುವ ಆ ಲ್ಯಾಬಿನಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಅಚ್ಚಿನಕ್ಕ ಎಂದು. ಮಾಲೀಕ ಆಕೆಗಿಂತ ಹನ್ನೆರಡು ವರ್ಷ ದೊಡ್ಡವನು, ಅವನ ಬಾಯಲ್ಲೂ ಅಕ್ಕನೇ. ಪ್ಲಾಸ್ಟರ್ ಕಲಸಿ ದವಡೆಯ ಅಚ್ಚು ಹೊಯ್ಯುವ ಕೆಲಸಕ್ಕೆ ಹತ್ತೊಂಬತ್ತನೇ ವಯಸ್ಸಿಗೆ ಸೇರಿದವಳು, ಈಗ ನಲವತ್ತೆಂಟು. ಬೀದಿಯಲ್ಲಿ ಎದುರಾದವರ ಹೆಸರು ಹೊಳೆಯದೆ ತಬ್ಬಿಬ್ಬಾಗುತ್ತಿದ್ದಳು, ಮುಖದ ನೆನಪೂ ಅಷ್ಟಕ್ಕಷ್ಟೆ. ಆದರೆ ಒಮ್ಮೆ ಕೈಗೆ ಬಂದ ಅಚ್ಚನ್ನು ಮರೆತದ್ದಿಲ್ಲ. ಒಂದು ಮದುವೆ ಊಟದಲ್ಲಿ ಎದುರು ಕೂತವರು ನಕ್ಕದ್ದೇ ತಡ, ‘ಇವರು ಮೇಲಿನ ಎಡಗಡೆ ಕೋರೆಹಲ್ಲು ತಿರುಗಿದವರು’ ಎಂದು ಗಂಡನ ಕಿವಿಯಲ್ಲಿ ಉಸುರಿದಳು.

‘ಮೆಲ್ಲಗೆ ಹೇಳೇ. ಕೇಳಿಸಿಕೊಂಡ್ರೆ ಹಲ್ಲು ಕಡೀತಾರೆ.’

‘ಕಡೀಲಿ ಬಿಡಿ, ಅದಕ್ಕೂ ಪ್ಲೇಟು ಮಾಡಿಕೊಡ್ತೀನಿ.’

ತಮಾಷೆಯೇನಲ್ಲ, ಆಕೆಯ ಕೈ ಪಳಗಿದ್ದೇ ಅದರಲ್ಲಿ. ಹಲ್ಲು ಕಡಿದು ಕಡಿದು ಕಿವಿಯ ಮುಂದಿನ ದವಡೆ ಕೀಲು ನೋಯುವವರಿಗೆ ಹಲ್ಲಿನ ಮೇಲೆ ಕೂರುವ ನುಣುಪಾದ ಪ್ಲೇಟು ಮಾಡುತ್ತಿದ್ದಳು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವವರಿಗೆ ಬೇರೆಯದು: ಮೇಲೊಂದು, ಕೆಳಗೊಂದು ಪ್ಲೇಟು, ಎರಡನ್ನೂ ಬದಿಯಲ್ಲಿ ಸಣ್ಣ ಸ್ಕ್ರೂಗಳಿಂದ ಸೇರಿಸಿದ್ದು. ಅದು ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುತ್ತದೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬಂದು ಗಾಳಿಗೆ ದಾರಿಯಾಗುತ್ತದೆ. ಒಂದು ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಆಕೆಯ ಬೆರಳಿಗೆ ತಿಳಿಯುತ್ತಿತ್ತು. ಅರದಿಂದ ಉಜ್ಜಿದ ಅಂಚನ್ನು ತನ್ನ ಕೆನ್ನೆಯ ಒಳಗೆ ಒತ್ತಿ ನೋಡಿದಂತೆ ಕಲ್ಪಿಸಿಕೊಂಡು, ಮತ್ತೆ ಉಜ್ಜುವಳು. ರೋಗಿಗಳನ್ನು ಮಾತ್ರ ಎಂದೂ ಕಂಡವಳಲ್ಲ. ಡಾಕ್ಟರ ಚೀಟಿಯೊಂದಿಗೆ ಅಚ್ಚು ಬರುತ್ತಿತ್ತು, ಪ್ಲೇಟು ಹೋಗುತ್ತಿತ್ತು, ಅಷ್ಟೆ.

ಹಾಗೆ ಬಂದದ್ದೇ ಆ ಕ್ಷೌರಿಕನ ಅಚ್ಚು. ಚೀಟಿಯಲ್ಲಿ ವಯಸ್ಸು ಐವತ್ತೊಂದು, ಉದ್ಯೋಗ, ಅಂಗಡಿಯಿರುವ ರಸ್ತೆ ಎಲ್ಲವೂ ಇದ್ದವು. ನಿದ್ದೆಯಲ್ಲಿ ಗಂಟೆಗೆ ಇಪ್ಪತ್ತಾರು ಸಲ ಉಸಿರು ನಿಲ್ಲುತ್ತದೆ; ಗಾಳಿ ಊದುವ ಮಾಸ್ಕ್ ಹಾಕಿದರೆ ಉಸಿರುಗಟ್ಟಿದಂತಾಗಿ ಕಿತ್ತೆಸೆಯುತ್ತಾರೆ; ಆದ್ದರಿಂದ ಪ್ಲೇಟು. ದವಡೆಯನ್ನು ಮುಂದೆ ತಂದು ಕಚ್ಚಿಸಿದ ಮೇಣದ ತುಂಡೂ ಜೊತೆಗಿತ್ತು. ಅದರಲ್ಲಿ ಮೇಲಿನ ಹಲ್ಲಿನ ನಡುಗೆರೆ, ಕೆಳಗಿನ ನಡುಗೆರೆ ದಾರ ಹಿಡಿದಂತೆ ಒಂದೇ ನೇರಕ್ಕಿದ್ದವು.

ಅಚ್ಚಿನಕ್ಕ ಮೇಣ ಬದಿಗಿಟ್ಟು ಎರಡು ಅಚ್ಚುಗಳನ್ನು ಸುಮ್ಮನೆ ಒಂದರ ಮೇಲೊಂದು ಕೂರಿಸಿದಳು. ಕೆಳಗಿನದು ತಾನಾಗಿ ಎರಡು ಮಿಲಿಮೀಟರ್ ಎಡಕ್ಕೆ ಸರಿದು ಗಟ್ಟಿಯಾಗಿ ಕೂತಿತು. ಹಲ್ಲುಗಳ ಸವೆತವೂ ಅದನ್ನೇ ಹೇಳುತ್ತಿತ್ತು: ಈ ದವಡೆ ಎಷ್ಟೋ ವರ್ಷದಿಂದ ಎಡಕ್ಕೇ ಇದೆ. ಮೇಣದಲ್ಲಿ ಅದನ್ನು ಎಳೆದು ನೇರ ಮಾಡಿದ್ದಾರೆ. ಆಕೆಯ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಆದರೆ ಚೀಟಿ ಡಾಕ್ಟರದು. ಆಕೆ ಬಾಯಿ ಮುಚ್ಚಿಕೊಂಡು ಚೀಟಿಯಲ್ಲಿದ್ದ ಹಾಗೆ ಪ್ಲೇಟು ಮಾಡಿ ಕಳಿಸಿದಳು.

ಮೂರು ವಾರಕ್ಕೆ ಪ್ಲೇಟು ವಾಪಸು ಬಂತು. ‘ಕೀಲು ನೋವು, ಸಡಿಲಿಸಿ.’ ಸಡಿಲಿಸಿ ಕಳಿಸಿದಳು. ಇನ್ನೆರಡು ವಾರಕ್ಕೆ ಮತ್ತೆ: ‘ರೋಗಿ ಹಾಕಿಕೊಳ್ಳಲು ಒಪ್ಪುತ್ತಿಲ್ಲ.’ ಗೊತ್ತಿದ್ದೂ ಸುಮ್ಮನಿದ್ದೆನಲ್ಲ ಎಂಬುದೇ ಆಕೆಯನ್ನು ಕೊರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಗಂಡನಿಗೆ, ‘ನಡೀರಿ, ಕೂದಲು ಕತ್ತರಿಸಿಕೊಂಡು ಬರೋಣ’ ಎಂದಳು.

‘ಹೋದ ವಾರ ತಾನೇ ಕತ್ತರಿಸಿದ್ದು!’

‘ಉಳಿದಿದೆಯಲ್ಲ ಇನ್ನೂ ಒಂದಿಷ್ಟು.’

ಎರಡು ಕುರ್ಚಿಯ ಅಂಗಡಿ. ಗೋಡೆಯುದ್ದಕ್ಕೂ ಕನ್ನಡಿ, ಕೆಳಗೆ ಕತ್ತರಿ ಬಾಚಣಿಗೆಗಳ ಸಾಲು. ಗಂಡನನ್ನು ಕುರ್ಚಿಗೆ ಕೂರಿಸಿ ಅಚ್ಚಿನಕ್ಕ ಹಿಂದಿನ ಬೆಂಚಿನಲ್ಲಿ ಕೂತಳು. ಕ್ಷೌರಿಕ ತುಟಿ ಬಿಚ್ಚದೆ ಕತ್ತರಿಯಾಡಿಸುತ್ತಿದ್ದ. ಪಕ್ಕದಲ್ಲಿ ಪೇಪರು ಓದುತ್ತಿದ್ದ ಹಳೆಯ ಗಿರಾಕಿ ತಡೆಯಲಾರದೆ ಹೇಳಿದ: ‘ಮೊದಲು ಇವನ ಬಾಯಿ ನಿಲ್ತಾನೇ ಇರಲಿಲ್ಲ ಕಣಮ್ಮ. ಕತ್ತರಿಗಿಂತ ಜೋರು. ಈಗ ನೋಡಿ, ಬಾಯಿಗೆ ಬೀಗ.’

‘ಮಾತಾಡಿದ್ರೆ ನೋವು’ ಎಂದ ಕ್ಷೌರಿಕ, ಹಲ್ಲು ಬಿಡಿಸದೆ. ‘ಸುಮ್ಮನಿದ್ರೆ ತೂಕಡಿಕೆ. ಗಿರಾಕಿ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಒಂದು ಸಲ ಕಣ್ಣು ಮುಚ್ಚಿ ಹೋಯ್ತು. ಅವತ್ತಿಂದ ಶೇವಿಂಗ್ ಬಿಟ್ಟೆ.’

ಕುರ್ಚಿಯಲ್ಲಿದ್ದ ಗಂಡ ಮೆಲ್ಲಗೆ ಕತ್ತು ಒಳಗೆಳೆದುಕೊಂಡ.

ಅಚ್ಚಿನಕ್ಕನ ಕಣ್ಣು ಕನ್ನಡಿಯಲ್ಲಿ ಕಾಣುವ ಕ್ಷೌರಿಕನ ಗದ್ದದ ಮೇಲೇ ನೆಟ್ಟಿತ್ತು. ಕೊನೆಗೆ ಎದ್ದು ನಿಂತು, ‘ಅಣ್ಣಾ, ನಿಮ್ಮ ಪ್ಲೇಟು ಮಾಡಿದವಳು ನಾನು’ ಎಂದಳು. ‘ಒಂದು ಸಲ ಬಾಯಿ ತೆರೆದು ತೋರಿಸ್ತೀರಾ?’

ಅವನು ಕತ್ತರಿ ಕೆಳಗಿಟ್ಟು ತೆರೆದ. ಕಟಕ್ ಎಂದಿತು, ಗದ್ದ ಬಿಲ್ಲಿನ ಹಾಗೆ ಬಾಗಿ ಎಡಕ್ಕೆ ಹೋಯಿತು.

‘ಇದು ಯಾವಾಗಿಂದ?’

‘ಚಿಕ್ಕಂದಿನಿಂದಾನೂ ಹೀಗೇ. ಸೈಕಲ್ಲಿಂದ ಬಿದ್ದು ಗದ್ದ ಒಡೆದಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಸೋಮವಾರ ಅರ್ಧ ದಿನ ರಜೆ ಹಾಕಿ, ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಕೆ ಕ್ಲಿನಿಕ್ಕಿಗೆ ಹೋದಳು. ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಕ್ಲಿನಿಕ್ಕೊಂದರ ಬಾಗಿಲು ದಾಟಿದ್ದು ಅದೇ ಮೊದಲು. ಡಾಕ್ಟರಮ್ಮ ಇನ್ನೂ ಮೂವತ್ತೈದರೊಳಗಿನವರು, ಕೆಲಸದಲ್ಲಿ ಕಟ್ಟುನಿಟ್ಟು. ಎಲ್ಲ ಕೇಳಿಸಿಕೊಂಡು ಮುಖ ಬಿಗಿದುಕೊಂಡರು.

‘ನನ್ನ ರೋಗಿಯನ್ನ ನೀವು ಹೋಗಿ ಪರೀಕ್ಷೆ ಮಾಡಿದ್ರಾ?’

‘ಪರೀಕ್ಷೆ ಅಲ್ಲ ಡಾಕ್ಟ್ರೇ. ಕೂದಲು ಕತ್ತರಿಸಿಕೊಳ್ಳೋಕೆ ಹೋಗಿದ್ವಿ.’ ಆಕೆ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು. ‘ಬೈಯೋದಾದ್ರೆ ಆಮೇಲೆ ಬೈರಿ. ಮೊದಲು ಇದನ್ನ ನೋಡಿ.’ ಬಟ್ಟೆ ಬಿಚ್ಚಿ ಅಚ್ಚುಗಳನ್ನು ಒಂದರ ಮೇಲೊಂದು ಇಟ್ಟು ಕೈ ಬಿಟ್ಟಳು. ಕೆಳಗಿನದು ಎಡಕ್ಕೆ ಸರಿದು ಕೂತಿತು.

ಡಾಕ್ಟರಮ್ಮ ಅದನ್ನು ಎತ್ತಿ ತಾವೇ ಕೂರಿಸಿದರು. ಮತ್ತೊಮ್ಮೆ ಕೂರಿಸಿದರು.

‘ಇದು ನಿಮಗೆ ಮೊದಲೇ ಗೊತ್ತಿತ್ತಾ?’

‘ಗೊತ್ತಿತ್ತು.’

‘ಹೇಳಬೇಕಿತ್ತು ನೀವು.’

‘ಹೌದು. ತಪ್ಪು ನಂದೂ ಇದೆ.’

ಡಾಕ್ಟರಮ್ಮ ಕುರ್ಚಿಗೆ ಒರಗಿದರು. ‘ನಾನೂ ಕೇಳಬೇಕಿತ್ತು. ಗೆರೆ ನೇರ ಕಂಡರೆ ನನಗೆ ಸಮಾಧಾನ, ಅವರಿಗಲ್ಲ’ ಎಂದು ಹೇಳಿ, ಕ್ಷೌರಿಕನಿಗೆ ಆಗಲೇ ಫೋನು ಮಾಡಿಸಿದರು.

ಮೊದಲು ಕೀಲಿನ ಚಿತ್ರ ತೆಗೆಸಿದರು; ಎಡಗಡೆ ಹಳೆಯ ಪೆಟ್ಟು ಕಂಡಿತು. ಎರಡು ತಿಂಗಳು ಕೀಲಿಗೆ ಆರಾಮ ಕೊಡುವ ಚಪ್ಪಟೆ ಪ್ಲೇಟು. ಅಲ್ಲಿಯವರೆಗೆ ಹಲ್ಲು ಕಚ್ಚದೆ ಹೇಗೋ ಮಾಸ್ಕಿನ ಜೊತೆ ಏಗಬೇಕು, ತಲೆ ಎತ್ತರಕ್ಕಿಟ್ಟು ಒರಗಿ ಮಲಗಬೇಕು. ಆಮೇಲೆ ದವಡೆಯನ್ನು ಅದಿರುವ ಎಡದ ದಾರಿಯಲ್ಲೇ ಮುಂದೆ ತರುವ ಹೊಸ ಪ್ಲೇಟು. ಅದಕ್ಕೆ ಅಚ್ಚಿನಕ್ಕ ಹದಿನೇಳು ದಿನ ತೆಗೆದುಕೊಂಡಳು. ಒಂದನ್ನು ಪೂರ್ತಿ ಮಾಡಿ, ಮನಸ್ಸಿಗೆ ಬಾರದೆ ಮುರಿದು ಹಾಕಿ, ಇನ್ನೊಂದು ಮಾಡಿದಳು. ದವಡೆ ತುಸುತುಸುವೇ ಮುಂದೆ ಬರಲೆಂದು ವಾರಕ್ಕೆ ಒಂದೇ ಒಂದು ಸಲ, ಸ್ಕ್ರೂ ಬರೀ ಕಾಲು ಸುತ್ತು. ನೋವು ಬಂದರೆ ಆ ವಾರ ಅಲ್ಲೇ ನಿಲ್ಲುವುದು. ಆರನೇ ವಾರ ನೋವು ಬಂತು, ನಿಂತರು. ಬೆಳಿಗ್ಗೆ ಎದ್ದಾಗ ಹಲ್ಲು ಹೊಂದದೆ ಕ್ಷೌರಿಕ ಗಾಬರಿಯಾಗಿ ಫೋನು ಮಾಡಿದ್ದೂ ಉಂಟು. ಬಾಯಿಯ ವ್ಯಾಯಾಮ ಹೇಳಿಕೊಟ್ಟರು, ಅರ್ಧ ಗಂಟೆಗೆ ಸರಿಹೋಯಿತು.

ಐದು ತಿಂಗಳ ಮೇಲೆ ನಿದ್ದೆಯ ಪರೀಕ್ಷೆ ಮತ್ತೆ ಮಾಡಿಸಿದಾಗ ಇಪ್ಪತ್ತಾರು ಏಳಕ್ಕೆ ಇಳಿದಿತ್ತು. ಕಟಕ್ ಸದ್ದು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಅವನಿಗೆ ಅದರ ಚಿಂತೆಯಿರಲಿಲ್ಲ. ಲ್ಯಾಬಿಗೇ ಬಂದು, ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡಿದ. ಜೊತೆಗೆ ಬಂದಿದ್ದ ಹೆಂಡತಿ ಅಚ್ಚಿನಕ್ಕನ ಪ್ಲಾಸ್ಟರ್ ಮೆತ್ತಿದ ಕೈ ಹಿಡಿದುಕೊಂಡು ಹೇಳಿದಳು: ‘ನಿದ್ದೆ ವಾಪಸು ಕೊಟ್ರಿ, ಶೇವಿಂಗ್ ವಾಪಸು ಕೊಟ್ರಿ, ಎಲ್ಲಾ ಸರಿ ಅಕ್ಕ. ಈ ಬಾಯಿಗೆ ಒಂದು ಸ್ಕ್ರೂ ಜಾಸ್ತಿ ಬಿಗಿ ಮಾಡಬಾರದಿತ್ತಾ?’

ಈಗ ಗುರುವಾರ ಗುರುವಾರ ಅಚ್ಚಿನಕ್ಕ ಕ್ಲಿನಿಕ್ಕಿನಲ್ಲೇ ಇರುತ್ತಾಳೆ. ಕೀಲಿನ ನೋವಿನವರು, ಉಸಿರಿನ ತೊಂದರೆಯವರು ಯಾರೇ ಬರಲಿ, ಡಾಕ್ಟರಮ್ಮ ನೋಡಿ ಮುಗಿಸಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಅಚ್ಚಿನಕ್ಕ ಬಗ್ಗಿ, ಬಾಯಿ ತೆರೆಯುವ ಬಗೆಯನ್ನು ನೋಡಿ, ‘ಮೊದಲು ಎಲ್ಲಾದ್ರೂ ಪೆಟ್ಟು ಬಿದ್ದಿತ್ತಾ?’ ಎಂದು ಕೇಳುತ್ತಾಳೆ. ಮೊನ್ನೆಯಂತೂ ಇಬ್ಬರಿಗೂ ಒಂದು ದವಡೆಯ ವಿಷಯದಲ್ಲಿ ಒಮ್ಮತ ಬರದೆ, ರೋಗಿಯ ಮುಂದೆಯೇ ಹತ್ತು ನಿಮಿಷ ವಾದ ನಡೆಯಿತು. ಗೆದ್ದವರು ಡಾಕ್ಟರಮ್ಮ. ಅಚ್ಚಿನಕ್ಕ ಮುಖ ಊದಿಸಿಕೊಳ್ಳದೆ ಸ್ಕ್ರೂ ಎಷ್ಟು ಸುತ್ತಬೇಕು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡಳು.