ತಾಯಿಗೆ ತಿಳಿಯುವ ಹಾಡು

ಮಾಲ್‌ಸುನ್ ಇನ್‌ಹೊನನ್ನು ಮೊದಲು ಕಂಡ ದಿನ, ಅವನು ಟೋಪಿ, ಮುಖಗವಸು, ಕಪ್ಪು ಕನ್ನಡಕ ಹಾಕಿಕೊಂಡು ಕೊರಿಯಾದ ಮೊಕ್ಪೊ ಊರಿನ ಮೀನುಪೇಟೆಯಲ್ಲಿ ತನ್ನ ತಾಯಿಯ ಒಣಮೀನಿನ ಅಂಗಡಿಗೆ ಬಂದನು. "ಏನಪ್ಪಾ, ಕಣ್ಣುಬೇನೆ ಬಂದಿದ್ಯಾ?" ಎಂದು ಪಕ್ಕದಂಗಡಿಯಿಂದಲೇ ಮಾಲ್‌ಸುನ್ ಕೇಳಿದಳು. ಜನ ಗುರುತು ಹಿಡಿದಾರೆಂದು ಅವನ ಅಂಜಿಕೆ. ಆದರೆ ಹನ್ನೆರಡು ವರ್ಷ ಜಪಾನಿನಲ್ಲಿ ಹಾಡಿ ಹೆಸರಾದವನು ಊರಿನ ಟಿ.ವಿ.ಯಲ್ಲಿ ಒಂದು ದಿನವೂ ಕಂಡವನಲ್ಲ. ಅಲ್ಲಿನವರಂತೆ ಬಾಗಿ ವಂದಿಸುವುದು ಎಷ್ಟು ರೂಢಿಯಾಗಿತ್ತೆಂದರೆ, ಇಳಿದುಬಂದ ಬಸ್ಸಿಗೂ ಬಾಗುವನು. ಆಗಾಗ ಅವನ ಹಾಡಿಗೆ ಮರುಳಾದ ಜಪಾನಿನ ಹೆಂಗಸರು ಬಂದು, ಅವನ ತಾಯಿಯ ಕೈ ಹಿಡಿದು ಅತ್ತು, ಚೌಕಾಸಿಯಿಲ್ಲದೆ ಬುಟ್ಟಿಗಟ್ಟಲೆ ಮೀನು ಕೊಳ್ಳುವರು. "ಇವನು ದೊಡ್ಡ ಮನುಷ್ಯನೋ ಅಲ್ವೋ, ಒಂದೂ ತಿಳೀತಿಲ್ವಲ್ಲ ಅಕ್ಕಾ!" ಎಂದು ಮಾಲ್‌ಸುನ್ ತಲೆ ಕೆರೆದುಕೊಳ್ಳುವಳು. "ನಂಗೂ ತಿಳೀದು ಕಣೇ" ಎನ್ನುವಳು ತಾಯಿ. ಅವಳ ಎಪ್ಪತ್ತರ ಹುಟ್ಟುಹಬ್ಬಕ್ಕೆ ಅವನು ಐದು ಹಾಡು ಹಾಡಿದನು. "ಚೆನ್ನಾಗಿತ್ತಪ್ಪ. ಈಗ ನಂಗೆ ತಿಳಿಯೋ ಹಾಗೆ, ನಿಂದೇ ಒಂದು ಹಾಡು" ಎಂದಳು ತಾಯಿ. ಅವನು ಮೈಕು ಕೆಳಗಿಟ್ಟನು. ಅವನ ಹಾಡುಗಳೆಲ್ಲ ಜಪಾನಿ ಮಾತಿನವು. ಈಗ ಬಿಡುವಾದಾಗಲೆಲ್ಲ ಮುಖಗವಸಿಲ್ಲದೆ ಬಂದು, ತಾಯಿಯ ಪಕ್ಕದಲ್ಲಿ ಕುಳಿತು ಮೀನು ಆರಿಸುತ್ತ, ಅವಳ ಮಾತಿನಲ್ಲಿ ಹಾಡು ಕಟ್ಟುತ್ತಿದ್ದಾನೆ. ಆಗಿರುವುದು ಒಂದೇ ಸಾಲು. ಅದನ್ನು ತಾಯಿ ರಾಗ ತಪ್ಪಿ ಗಿರಾಕಿಗಳಿಗೆಲ್ಲ ಹಾಡಿ ತೋರಿಸುತ್ತಾಳೆ, ಅವನು ತಿದ್ದುವುದಿಲ್ಲ.