ಹಣ್ಣು ಹುಳ ಆರಿಸಿದ ದಿನ

ಕೂಟಗಲ್‌ನ ದೊಡ್ಡಲಕ್ಷ್ಮಮ್ಮ ಬೈರಮಂಗಲದಿಂದ ಸೊಸೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕಿದವರು. ಸೊಪ್ಪು ಮೇಯುವ ಸದ್ದು ಕೇಳಿಯೇ ಹುಳುವಿನ ಆರೋಗ್ಯ ಹೇಳುವ ಹೆಂಗಸು. ಹೆತ್ತ ಮಗ ಅಶೋಕ ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಅವನು ಗೋಡೆಯೊಂದಿಗೆ ಜಗಳಕ್ಕೆ ನಿಂತಾಗ ಹರಕೆ ಹೊತ್ತರು, ಯಂತ್ರ ಕಟ್ಟಿಸಿದರು. ಕೊನೆಗೆ ರಾಮನಗರದ ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಮಾತ್ರೆಗೆ ದನಿಗಳೇನೋ ತಗ್ಗಿದವು. ಆದರೆ ನೀರು ತಾ ಎಂದರೆ ಬಿಂದಿಗೆ ಹಿಡಿದು ನಲ್ಲಿಯ ಮುಂದೆ ನಿಂತೇಬಿಡುತ್ತಿದ್ದ. ಇದು ಕಾಯಿಲೆಯೋ, ಮಾತ್ರೆಯ ಮಂಕೋ, ಮೈಗಳ್ಳತನವೋ?

ಹುಳು ಹಣ್ಣಾದ ದಿನ ಎಷ್ಟು ಕೈಯಿದ್ದರೂ ಸಾಲದು. ಮೈ ಹೊಳೆದು ಹಳದಿಗೆ ತಿರುಗಿದವನ್ನಷ್ಟೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು.

"ಹಣ್ಣಾದವ ಆರ್ಸು, ಹಿಕ್ಕೆ ಗುಡ್ಸು, ಕಿಟ್ಕಿ ತೆಗಿ, ಚಂದ್ರಿಕೆ ಬಿಸ್ಲಿಗಿಡ್‌ಬ್ಯಾಡ" ಎಂದು ಅವರು ಒಂದೇ ಉಸಿರಿಗೆ ಹೇಳಿ ಹೋದರು. ಬಂದು ನೋಡಿದರೆ ಅಶೋಕ ಇನ್ನೂ ಸೊಪ್ಪು ಮೇಯುತ್ತಿದ್ದ ಹಸಿ ಹುಳುಗಳನ್ನೂ ಬಾಚಿ ಚಂದ್ರಿಕೆಗೆ ಸುರಿದಿದ್ದ. ಸೊಪ್ಪಿಲ್ಲದ ಅಲ್ಲಿ ಅವು ಗೂಡು ಕಟ್ಟದೆ ಸಾಯುತ್ತವೆ.

ಹಿರಿಮಗ ದೇವರಾಜ್ ಕೆಂಡವಾದ. "ಸಾಕು ಕಣವ್ವ. ಇಂಥೋರ್ನ ಇಟ್ಕೊಳ್ಳೋ ಆಶ್ರಮದೋರ್ಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡೋಗ್ಲಿ."

"ಒಸಿ ತಡ್ಕೊಳ್ಳೋ."

"ಇನ್ನೆಷ್ಟು ವರ್ಸ ತಡ್ಕೊಳ್ಲಿ?"

ದೊಡ್ಡಲಕ್ಷ್ಮಮ್ಮನಿಗೆ ಹಳೆಯ ಮಾತೊಂದು ನೆನಪಾಯಿತು. ಹಿಂದೊಮ್ಮೆ ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಲತಾಮಣಿ, "ಒಂದ್ಸಲಕ್ಕೆ ಒಂದೇ ಕೆಲ್ಸ ಹೇಳಿ ದೊಡ್ಡವ್ವ, ಮಾಡಿ ತೋರ್ಸಿ" ಎಂದಿದ್ದಳು. ಮೀಸೆ ಬಂದ ಮಗನಿಗೆ ಮಗುವಿನ ಪಾಠವೇ ಎಂದು ಆಗ ಮುನಿಸಿಕೊಂಡಿದ್ದರು. ಈಗ ಬೇರೆ ದಾರಿ ತೋಚಲಿಲ್ಲ. ಚಂದ್ರಿಕೆಯ ಹುಳುಗಳನ್ನೆಲ್ಲ ಮತ್ತೆ ಸೊಪ್ಪಿನ ತಟ್ಟೆಗೆ ಹಾಕಿ, ಅಶೋಕನ ಪಕ್ಕ ಕೂತು ಅವನ ಅಂಗೈಗೆ ಒಂದು ಹಣ್ಣು ಹುಳು ಇಟ್ಟರು.

"ಬೆಳಕಿಗೆ ಹಿಡ್ದು ನೋಡಪ್ಪ. ಇಂಥದ್ದು ಮಾತ್ರ."

ಆಮೇಲೆ ಸುಮ್ಮನಾದರು. ದೇವರಾಜನ ಹೆಂಡತಿ ಮಮತಾ ನಕ್ಕಳು: "ಅತ್ತೆ ಬಾಯ್ ಮುಚ್ಕೊಂಡ್ ಕೂತವ್ರೆ! ಇವತ್ತು ಮಳೆ ಗ್ಯಾರಂಟಿ."

ಅಶೋಕ ಒಂದನ್ನು ಎತ್ತಿದ. ಹಣ್ಣೇ. "ಇದಾ?" ಎಂದ. "ಹ್ಞೂಂ." ಇನ್ನೊಂದು. "ಇದಾ?" ಪ್ರತಿಯೊಂದಕ್ಕೂ ಕೇಳಿದ. ನಡುವೆ ಕೈ ತಡೆದು ಏನೋ ಗೊಣಗಿದ. ದನಿ ಬಂತೋ, ಮರೆತನೋ? ಮಾತಾಡಿಸಲೋ, ಕಾಯಲೋ? ಅವರು ಬಾಯಿ ತೆರೆದು ಮತ್ತೆ ಮುಚ್ಚಿದರು. ಅವನ ಕೈ ತಾನಾಗಿಯೇ ತಟ್ಟೆಗೆ ಇಳಿಯಿತು.

ದೇವರಾಜ್ ಬಗ್ಗಿ ಚಂದ್ರಿಕೆ ನೋಡಿದ. ಹಸಿ ಹುಳು ಒಂದೂ ಕಾಣಲಿಲ್ಲ. "ಈ ಬೆಳೆ ಮುಗೀಲಿ, ಆಮೇಲ್ ನೋಡಾನ" ಎಂದು ಫೋನನ್ನು ಜೇಬಿಗಿಟ್ಟ.

"ಆಮೇಲೆ ಅಂದ್ರೆ ಏನ್ಲಾ? ಇರುಸ್ಕೊತೀಯೋ, ಕಳುಸ್ತೀಯೋ?"

"ನಂಗೂ ಗೊತ್ತಾಗ್ತಿಲ್ಲ ಕಣವ್ವ" ಎಂದವನು ತಮ್ಮನ ಇನ್ನೊಂದು ಪಕ್ಕಕ್ಕೆ ಕೂತು, ತಾನೂ ಆರಿಸತೊಡಗಿದ.